ಮಾಡುವವನು, ಮಾಡಿಸುವವನು
(ಜೀವಕರ್ತೃತ್ವ ವಿಚಾರ)

॥ ಶ್ರೀ ಗುರುಭ್ಯೋ ನಮಃ ॥

ಕಳೆದ ಚಾತುರ್ಮಾಸ್ಯದಲ್ಲಿ ನಮ್ಮ ದೇವಸ್ಥಾನದ ಪ್ರಾಂಗಣದಲ್ಲಿ ಪ್ರತಿದಿನ ಸಾಯಂಕಾಲ ಗೀತಾಪಾಠ ನಡೆಯುತ್ತಿತ್ತು. ಒಂದು ದಿನ 18ನೆಯ ಅಧ್ಯಾಯದಲ್ಲಿ, ಯಾವ ಕರ್ಮವೇ ಆಗಲಿ ಸಿದ್ಧಿಸುವುದಕ್ಕೆ ಐದು ಕಾರಣಗಳು ಬೇಕೆಂದು ಶ್ರೀಕೃಷ್ಣನು ಹೇಳುವ ಭಾಗ ಬಂದಿತು. ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆ, ದೈವ ಎಂಬಿವೇ ಆ ಐದು. ಇಲ್ಲಿ ಕರ್ತೃವೆಂದರೆ ಸರ್ವಕರ್ತನಾದ ಶ್ರೀವಿಷ್ಣು, ದೈವವೆಂದರೆ ಅದೃಷ್ಟ ಎಂದು ಶ್ರೀಮದಾಚಾರ್ಯರು ಗೀತಾಭಾಷ್ಯದಲ್ಲಿ ಅರ್ಥವನ್ನು ಹೇಳಿದ್ದಾರೆ. ಪಾಠ ಮುಗಿದು, ಮಂಗಳಾರತಿಯಾಗಿ, ಎಲ್ಲರೂ ಪ್ರಸಾದ ತೆಗೆದುಕೊಂಡು ಹೊರಟ ಮೇಲೂ ಹಿರಿಯ ಗೃಹಸ್ಥರೊಬ್ಬರು ಕಂಬದ ಬಳಿ ನಿಂತೇ ಇದ್ದರು.

“ಆಚಾರ್ಯರೇ, ಒಂದು ಸಂದೇಹ” ಎಂದರು. “ಒಂಬತ್ತು ವರ್ಷಗಳ ಹಿಂದೆ ನನ್ನ ಮಗನಿಗೆ ಆಡಬಾರದ ಮಾತನ್ನು ಆಡಿದೆ. ಅವನು ಮನೆ ಬಿಟ್ಟು ಹೋದ. ಈವರೆಗೆ ಹೊಸ್ತಿಲು ತುಳಿದಿಲ್ಲ. ನಮ್ಮ ತಂದೆಯವರದೂ ಇದೇ ಕೋಪ. ಅವರು ನಮ್ಮನ್ನು ಹೀಗೆಯೇ ಬೈದು ಬೆಳೆಸಿದರು. ಕರ್ತೃ ಶ್ರೀಹರಿ ಎಂದು ಈಗ ತಾವೇ ಹೇಳಿದಿರಿ. ಹಾಗಾದರೆ ಆ ಮಾತನ್ನು ಆಡಿದವನು ನಾನೋ, ನಮ್ಮ ತಂದೆಯಿಂದ ಬಂದ ಕೋಪವೋ, ಅವನೋ? ಅವನೇ ಎನ್ನುವುದಾದರೆ ನನಗೇಕೆ ರಾತ್ರಿ ನಿದ್ರೆ ಬರುವುದಿಲ್ಲ?”

ಆ ದಿನ ನನ್ನಿಂದ ಸಮರ್ಪಕವಾದ ಉತ್ತರ ಬರಲಿಲ್ಲ. ಪಾಠದಲ್ಲಿ ಕೇಳಿದ ಸಿದ್ಧಾಂತವು ಒಬ್ಬರ ಬಾಳಿನ ಪ್ರಶ್ನೆಯಾಗಿ ಎದುರು ನಿಂತಾಗ ಬಾಯಿಪಾಠದ ಮಾತು ಸಾಲದು. ಮನೆಗೆ ಬಂದು ಗ್ರಂಥಗಳನ್ನು ಮತ್ತೆ ತೆರೆದು ನೋಡಿದಾಗ ತಿಳಿದುಬಂದುದನ್ನು ಆಸ್ತಿಕ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಎರಡು ಪೂರ್ವಪಕ್ಷಗಳು

ಈ ವಿಷಯದಲ್ಲಿ ಜನರು ಸಾಮಾನ್ಯವಾಗಿ ಎರಡು ತುದಿಗಳಲ್ಲಿ ಒಂದನ್ನು ಹಿಡಿಯುತ್ತಾರೆ. “ನನ್ನ ಬಾಳಿಗೆ ನಾನೇ ಒಡೆಯ, ನಾನು ಮನಸ್ಸು ಮಾಡಿದರೆ ಆಗದುದಿಲ್ಲ” ಎಂಬುದು ಒಂದು. “ನನ್ನ ಕೈಯಲ್ಲಿ ಏನಿದೆ? ಹುಟ್ಟುಗುಣ, ಬೆಳೆದ ಮನೆ, ಹಣೆಬರಹ ಎಲ್ಲ ಸೇರಿ ನನ್ನನ್ನು ಎಳೆಯುತ್ತಿವೆ” ಎಂಬುದು ಇನ್ನೊಂದು. ಮೊದಲನೆಯದು ಕಾರ್ಯ ಗೆದ್ದಾಗ ಬರುವ ಮಾತು, ಎರಡನೆಯದು ಕಾರ್ಯ ಕೆಟ್ಟಾಗ ಬರುವ ಮಾತು. ಒಬ್ಬನೇ ಮನುಷ್ಯನು ಬೆಳಿಗ್ಗೆ ಒಂದನ್ನೂ ಸಾಯಂಕಾಲ ಇನ್ನೊಂದನ್ನೂ ಆಡುವುದುಂಟು.

ಮೊದಲನೆಯ ಪಕ್ಷವು ನಮ್ಮ ಸಿದ್ಧಾಂತದ ಬುಡಕ್ಕೇ ವಿರುದ್ಧವಾದುದು. ತತ್ತ್ವವು ಸ್ವತಂತ್ರ, ಅಸ್ವತಂತ್ರ ಎಂದು ಎರಡು ಬಗೆ ಎಂಬುದು ತತ್ತ್ವಸಂಖ್ಯಾನದಲ್ಲಿ ಬಾಲಕರು ಕಲಿಯುವ ಮೊದಲ ಪಾಠ. ಸ್ವತಂತ್ರನು ಶ್ರೀಹರಿ ಒಬ್ಬನೇ. ಉಸಿರಾಟವೂ ತನ್ನ ವಶದಲ್ಲಿಲ್ಲದ ಜೀವನು ಸ್ವತಂತ್ರ ಕರ್ತೃವಾಗುವುದೆಂತು? ತಾನೊಬ್ಬನೇ ಕರ್ತೃವೆಂದು ತಿಳಿಯುವವನ ಬುದ್ಧಿ ಸಂಸ್ಕಾರ ಹೊಂದಿದ ಬುದ್ಧಿಯಲ್ಲ ಎಂದು ಐದು ಕಾರಣಗಳನ್ನು ಹೇಳಿದೊಡನೆಯೇ ಗೀತೆ ಎಚ್ಚರಿಸುತ್ತದೆ.

ಆದರೆ ಇದರಿಂದ ಎರಡನೆಯ ಪಕ್ಷವು ಸಿದ್ಧಿಸಿತೆಂದು ತಿಳಿಯಬಾರದು. ನಮ್ಮ ಮನೆಗಳಲ್ಲಿ ಹೆಚ್ಚಾಗಿ ನಡೆಯುವ ತಪ್ಪು ಇದೇ. ‘ಅಸ್ವತಂತ್ರ ಕರ್ತೃ’ ಎಂದರೆ ‘ಕರ್ತೃವಲ್ಲ’ ಎಂದಲ್ಲ.

ಸೂತ್ರಗಳ ನಿರ್ಣಯ

ಬ್ರಹ್ಮಸೂತ್ರಗಳ ಎರಡನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಶ್ರೀವೇದವ್ಯಾಸರು ಈ ವಿಷಯವನ್ನೇ ಎತ್ತಿಕೊಂಡು ಜೀವನೂ ಕರ್ತೃವೆಂದು ನಿರ್ಣಯಿಸುತ್ತಾರೆ. ಅದಕ್ಕೆ ಕೊಡುವ ಕಾರಣ ಬಹು ಸರಳವಾದುದು: ಇಲ್ಲವಾದರೆ ಶಾಸ್ತ್ರಕ್ಕೆ ಅರ್ಥವೇ ಉಳಿಯುವುದಿಲ್ಲ. ‘ಇದನ್ನು ಮಾಡು, ಅದನ್ನು ಬಿಡು’ ಎಂದು ಕಲ್ಲಿಗೆ ಯಾರೂ ಹೇಳುವುದಿಲ್ಲ. ಏಕಾದಶಿಯಂದು ಉಪವಾಸ ಮಾಡೆಂಬ ವಿಧಿ, ಸುಳ್ಳು ಹೇಳಬೇಡವೆಂಬ ನಿಷೇಧ, ತಪ್ಪಿದವನಿಗೆ ಪ್ರಾಯಶ್ಚಿತ್ತ ಇವೆಲ್ಲವೂ, ಮಾಡಲೂ ಬಿಡಲೂ ಬಲ್ಲ ಒಬ್ಬ ಚೇತನನನ್ನು ಉದ್ದೇಶಿಸಿ ಹೊರಟ ಮಾತುಗಳು.

ಅಲ್ಲಿಯೇ ಬಡಗಿಯ ದೃಷ್ಟಾಂತ ಬರುತ್ತದೆ. ಬಡಗಿಯು ಕೆಲಸ ಮಾಡಿಸುವ ಯಜಮಾನನ ಅಧೀನದಲ್ಲಿದ್ದಾನೆ, ಆದರೂ ಕೆಲಸ ಮಾಡುವವನು ಅವನೇ ಎಂದು ಶ್ರೀಮದಾಚಾರ್ಯರು ಭಾಷ್ಯದಲ್ಲಿ ವಿವರಿಸಿದ್ದಾರೆ. ಬಾಗಿಲು ಯಾವ ಅಳತೆಯದೆಂದು ಯಜಮಾನ ಹೇಳುತ್ತಾನೆ, ಮರವನ್ನೂ ಕೊಡುತ್ತಾನೆ, ಕೂಲಿಯನ್ನೂ ಕೊಡುತ್ತಾನೆ. ಉಳಿ ಹಿಡಿಯುವ ಕೈ ಮಾತ್ರ ಬಡಗಿಯದು. ಅಂಕುಡೊಂಕಾಗಿ ಕೊರೆದರೆ ಯಜಮಾನನು ಹಾಗೆಯೇ ಹೇಳಿದ್ದನೆಂದು ಯಾವ ಬಡಗಿಯೂ ವಾದಿಸಲಾರ. ದೃಷ್ಟಾಂತಕ್ಕೂ ಒಂದು ಮಿತಿಯುಂಟು: ಲೋಕದ ಯಜಮಾನನು ಬಡಗಿಗೆ ಕೈಯ ಬಲವನ್ನು ಕೊಡಲಾರ. ಶ್ರೀಹರಿಯಾದರೋ ಆ ಬಲವನ್ನೂ ತಾನೇ ಕೊಡುವವನು. ಆದುದರಿಂದಲೇ ಮುಂದಿನ ಸೂತ್ರವು ಜೀವನ ಕರ್ತೃತ್ವಶಕ್ತಿಯು ಪರಮಾತ್ಮನಿಂದಲೇ ಬಂದುದೆಂದು ಸ್ಪಷ್ಟಪಡಿಸುತ್ತದೆ.

ಹಾಗಾದರೆ ಅವನು ಒಬ್ಬನಿಂದ ಒಳ್ಳೆಯದನ್ನೂ ಇನ್ನೊಬ್ಬನಿಂದ ಕೆಟ್ಟದ್ದನ್ನೂ ಮಾಡಿಸುವುದು ಪಕ್ಷಪಾತವಲ್ಲವೆ? ಇದಕ್ಕೆ ಸಮಾಧಾನವಾಗಿ, ಜೀವನ ಪೂರ್ವಕರ್ಮ, ಪ್ರಯತ್ನ, ಸಂಸ್ಕಾರ ಈ ಮೂರನ್ನೂ ನೋಡಿಕೊಂಡೇ ಈಶ್ವರನು ಮಾಡಿಸುತ್ತಾನೆಂಬ ಪ್ರಮಾಣವನ್ನು ಆಚಾರ್ಯರು ಉದಾಹರಿಸುತ್ತಾರೆ. ವಾಚಕರು ಈ ಮೂರನ್ನು ಲಕ್ಷ್ಯವಿಟ್ಟು ಗಮನಿಸಬೇಕು. ಪೂರ್ವಕರ್ಮ, ಸಂಸ್ಕಾರ ಎರಡೂ ಹಿಂದಿನಿಂದ ಬಂದವು. ಆ ಗೃಹಸ್ಥರು ಹೇಳಿದ ತಂದೆಯ ಕೋಪ ಇವುಗಳಲ್ಲಿ ಸೇರುತ್ತದೆ. ಶಾಸ್ತ್ರವು ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಆ ಎರಡರ ನಡುವೆ ಪ್ರಯತ್ನವೆಂಬ ಮೂರನೆಯದನ್ನೂ ಇಟ್ಟಿದೆ. ಅದು ಈ ಕ್ಷಣದ್ದು.

ದ್ವೈತವನದಲ್ಲಿ ದ್ರೌಪದಿ

ಇದೇ ಪ್ರಶ್ನೆ ಮಹಾಭಾರತದ ವನಪರ್ವದಲ್ಲಿ ಒಂದು ಸಂಸಾರದ ದುಃಖದ ನಡುವೆ ಎದ್ದು ಬರುತ್ತದೆ. ರಾಜ್ಯ ಕಳೆದುಕೊಂಡು ದ್ವೈತವನದಲ್ಲಿ ಕುಳಿತಿರುವ ಧರ್ಮರಾಜನ ಎದುರಿಗೆ ದ್ರೌಪದಿಯು ಮೊದಲು ತನ್ನ ಸಂಕಟವನ್ನೆಲ್ಲ ತೋಡಿಕೊಳ್ಳುತ್ತಾಳೆ. ಪ್ರಾಣಿಗಳೆಲ್ಲ ಮರದ ಗೊಂಬೆಗಳು, ಸೂತ್ರ ಹಿಡಿದ ಧಾತೃವು ಆಡಿಸಿದಂತೆ ಆಡುತ್ತವೆ ಎಂದು ದೂರುತ್ತಾಳೆ. ಇದು ನಾಸ್ತಿಕರ ಮಾತಾಯಿತೆಂದು ಧರ್ಮರಾಜನು ಆಕ್ಷೇಪಿಸುತ್ತಾನೆ. ಗೊಂಬೆಯ ದೃಷ್ಟಾಂತದಲ್ಲಿ ಭಗವಂತನ ಹೆಸರಿದ್ದರೂ ದೂರುವ ಮನಸ್ಸಿನಿಂದ ಆಡಿದಾಗ ಅದು ಭಕ್ತಿಯಾಗಲಿಲ್ಲ ಎಂಬುದನ್ನು ನಾವು ಗಮನಿಸಬೇಕು.

ಆ ಬಳಿಕ ದ್ರೌಪದಿಯೇ, ದುಃಖದಿಂದ ಹಾಗೆ ಪ್ರಲಾಪಿಸಿದೆನೆಂದು ಹೇಳಿ, ಮತ್ತೊಂದು ಉಪದೇಶವನ್ನು ಎತ್ತಿಕೊಳ್ಳುತ್ತಾಳೆ. ಬಾಲ್ಯದಲ್ಲಿ ತಂದೆಯ ಮನೆಯಲ್ಲಿ ಒಬ್ಬ ಬ್ರಾಹ್ಮಣನು ತನ್ನ ಸಹೋದರರಿಗೆ ಬೃಹಸ್ಪತಿಯ ನೀತಿಯನ್ನು ಹೇಳುತ್ತಿದ್ದಾಗ ತಂದೆಯ ತೊಡೆಯ ಮೇಲೆ ಕುಳಿತು ಕೇಳಿದ್ದ ಪಾಠವದು. ದೈವವನ್ನೇ ನಂಬಿ ಸುಮ್ಮನೆ ಕುಳಿತವನು ಸುಡದ ಮಡಕೆ ನೀರಿನಲ್ಲಿ ಕರಗುವಂತೆ ಹಾಳಾಗುತ್ತಾನೆ ಎನ್ನುತ್ತಾಳೆ. ಎಳ್ಳಿನಲ್ಲಿ ಎಣ್ಣೆ, ಹಸುವಿನಲ್ಲಿ ಹಾಲು, ಕಟ್ಟಿಗೆಯಲ್ಲಿ ಬೆಂಕಿ ಇರುವುದನ್ನು ಬುದ್ಧಿಯಿಂದ ತಿಳಿದು, ಅದನ್ನು ಪಡೆಯುವ ಉಪಾಯವನ್ನೂ ತಿಳಿಯಬೇಕು ಎನ್ನುತ್ತಾಳೆ. ರೈತನು ನೇಗಿಲಿನಿಂದ ನೆಲವನ್ನು ಉತ್ತು, ಬೀಜ ಬಿತ್ತಿ, ಅನಂತರ ಸುಮ್ಮನೆ ಕುಳಿತಿರುತ್ತಾನೆ. ಮುಂದೆ ಮಳೆಯೇ ಕಾರಣ. ಮಳೆ ಬಾರದಿದ್ದರೆ ಅವನ ಮೇಲೆ ದೋಷವಿಲ್ಲ ಎಂಬುದೂ ಅವಳ ಮಾತೇ.

ಈ ಸಂದರ್ಭದಲ್ಲಿ ಬರುವ ಹಠ, ದೈವ, ಪೌರುಷ ಎಂಬ ಮೂರು ಶಬ್ದಗಳಿಗೆ ಶ್ರೀಮದಾಚಾರ್ಯರು ಮಹಾಭಾರತತಾತ್ಪರ್ಯನಿರ್ಣಯದ 22ನೆಯ ಅಧ್ಯಾಯದಲ್ಲಿ ಶಾಸ್ತ್ರೀಯವಾದ ಅರ್ಥವನ್ನು ನಿರ್ಣಯಿಸಿದ್ದಾರೆ. ಹಠವೆಂದರೆ ಜೀವನ ಅನಾದಿಯಾದ ಸ್ವಭಾವ ಅಥವಾ ಯೋಗ್ಯತೆ, ಎರಡನೆಯದು ಅನಾದಿಯಾದ ಕರ್ಮ, ಮೂರನೆಯದಾದ ಪೌರುಷವೆಂದರೆ ಜೀವನ ಪ್ರಯತ್ನ. ಮೂರೂ ಸದಾ ವಿಷ್ಣುವಿನ ವಶದಲ್ಲಿವೆ. ಆದರೂ ಪ್ರಯತ್ನವಿಲ್ಲದೆ ಯೋಗ್ಯತೆಯಾಗಲಿ ಕರ್ಮವಾಗಲಿ ಫಲವನ್ನು ಕೊಡಲಾರದೆಂದು ಅಲ್ಲಿಯೇ ಹೇಳಿದ್ದಾರೆ. ಎಳ್ಳಿನಲ್ಲಿ ಎಣ್ಣೆ ಇರುವುದು ಯೋಗ್ಯತೆ, ಗಾಣಕ್ಕೆ ಹಾಕುವುದು ಪ್ರಯತ್ನ. ಮರಳನ್ನು ಗಾಣಕ್ಕೆ ಹಾಕಿದರೂ ಎಣ್ಣೆ ಬಾರದು, ಎಳ್ಳನ್ನು ಕಣಜದಲ್ಲಿಟ್ಟು ಕಾದರೂ ಬಾರದು.

ನಿತ್ಯ ಸಂಕಲ್ಪದಲ್ಲಿರುವ ಉತ್ತರ

ಇಷ್ಟು ದೊಡ್ಡ ಗ್ರಂಥಗಳಿಗೆ ಹೋಗದೆ ನಾವು ಪ್ರತಿನಿತ್ಯ ಮಾಡುವ ಸಂಕಲ್ಪವನ್ನೇ ನೋಡೋಣ. ಆಚಮನ ಪ್ರಾಣಾಯಾಮಗಳಾದ ಮೇಲೆ ‘ವಿಷ್ಣುಪ್ರೇರಣಯಾ’ ಎನ್ನುತ್ತೇವೆ, ‘ವಿಷ್ಣುಪ್ರೀತ್ಯರ್ಥಂ’ ಎನ್ನುತ್ತೇವೆ, ಕೊನೆಯಲ್ಲಿ ‘ಕರಿಷ್ಯೇ’ ಎನ್ನುತ್ತೇವೆ. ಪ್ರೇರಣೆ ಅವನದು, ಪ್ರೀತಿ ಅವನದು. ‘ಮಾಡುತ್ತೇನೆ’ ಎಂಬ ಕ್ರಿಯಾಪದ ಮಾತ್ರ ಉತ್ತಮಪುರುಷದಲ್ಲಿದೆ. ಪ್ರೇರಣೆ ಇದೆಯೆಂದು ಅದನ್ನು ‘ಕರಿಷ್ಯತಿ’, ಅಂದರೆ ‘ಅವನು ಮಾಡುತ್ತಾನೆ’ ಎಂದು ಬದಲಾಯಿಸಿ ಹೇಳಲು ಯಾವ ಹಿರಿಯರೂ ಕಲಿಸಲಿಲ್ಲ. ಅಷ್ಟೇ ಅಲ್ಲದೆ, ‘ಕೃ’ ಧಾತುವು ಉಭಯಪದಿ. ಕ್ರಿಯೆಯ ಫಲವು ಕರ್ತೃವಿಗೇ ಸೇರುವಾಗ ಅದಕ್ಕೆ ಆತ್ಮನೇಪದ ಬರುತ್ತದೆಂದು ಪಾಣಿನಿಯ ನಿಯಮ. ‘ಕರಿಷ್ಯೇ’ ಎಂಬುದು ಆತ್ಮನೇಪದ. ಮಾಡುವವನೂ ನಾನು, ಅದರ ಫಲ ಸೇರುವುದೂ ನನಗೇ ಎಂದು ಆ ಒಂದು ಪದ ಹೇಳುತ್ತಿದೆ.

ವ್ಯಾಕರಣವು ಇನ್ನೊಂದು ಸೂಕ್ಷ್ಮವನ್ನೂ ಕಲಿಸುತ್ತದೆ. ಒಬ್ಬನನ್ನು ಮತ್ತೊಬ್ಬನು ಪ್ರೇರಿಸಿ ಕೆಲಸ ಮಾಡಿಸಿದಾಗ ಪ್ರೇರಿಸಿದವನು ಪ್ರಯೋಜಕ ಕರ್ತೃ, ಪ್ರೇರಣೆಗೊಳಗಾದವನು ಪ್ರಯೋಜ್ಯ ಕರ್ತೃ. ಎರಡು ಕಡೆಯೂ ‘ಕರ್ತೃ’ ಶಬ್ದ ಉಳಿಯುತ್ತದೆ. ಕನ್ನಡದಲ್ಲಿಯೂ ‘ಮಾಡು’ ಎಂಬುದರ ಪಕ್ಕದಲ್ಲಿ ‘ಮಾಡಿಸು’ ಎಂಬುದಿದೆ. ಮಾಡಿಸುವವನಿದ್ದಾನೆ ಎಂದೊಡನೆ ಮಾಡುವವನು ಇಲ್ಲವಾಗುವುದಿಲ್ಲ. ಮಾಡುವವನೇ ಇಲ್ಲದಿದ್ದರೆ ಮಾಡಿಸುವುದು ಯಾರಿಂದ?

ಇಂದಿನ ವಿಜ್ಞಾನದ ಮಾತು

ವಿದ್ಯಾವಂತ ತರುಣರು ಈಗ ಇದೇ ಪ್ರಶ್ನೆಯನ್ನು ಮಿದುಳಿನ ಹೆಸರಿನಲ್ಲಿ ಕೇಳುತ್ತಾರೆ. ಅಮೆರಿಕದ ಬೆಂಜಮಿನ್ ಲಿಬೆಟ್ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ 1983ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಕೈಯನ್ನು ಮನಸ್ಸು ಬಂದಾಗ ಅಲುಗಿಸಬೇಕು, ಹಾಗೆ ಮನಸ್ಸಾದ ಗಳಿಗೆಯನ್ನು ಗಡಿಯಾರದಂತಹ ಸಾಧನವನ್ನು ನೋಡಿ ಹೇಳಬೇಕು. ಕೈ ಅಲುಗುವುದಕ್ಕೆ ಸುಮಾರು ಅರ್ಧ ಸೆಕೆಂಡಿಗೂ ಮೊದಲೇ ಮಿದುಳಿನಲ್ಲಿ ವಿದ್ಯುತ್ತಿನ ಚಲನೆ ಆರಂಭವಾಗುತ್ತಿತ್ತು. ‘ಮನಸ್ಸಾಯಿತು’ ಎಂಬ ಅರಿವು ಬರುತ್ತಿದ್ದುದು ಸುಮಾರು 0.2 ಸೆಕೆಂಡು ಮೊದಲು ಮಾತ್ರ. ಹಾಗಾದರೆ ಇಚ್ಛೆ ಎಂಬುದು ಭ್ರಮೆಯೆಂದು ಕೆಲವರು ಹೇಳಿದರು. ಆದರೆ ಲಿಬೆಟ್ ಅವರೇ, ಎದ್ದು ಬಂದ ಪ್ರವೃತ್ತಿಯನ್ನು ಉಳಿದ ಅಲ್ಪಕಾಲದಲ್ಲಿ ತಡೆಯುವ ಶಕ್ತಿ ಮನುಷ್ಯನಿಗೆ ಉಂಟೆಂದು ಅಭಿಪ್ರಾಯಪಟ್ಟರು. ಮೊದಲೇ ಕಾಣುವ ಆ ಚಲನೆಯು ನಿರ್ಧಾರವೇ ಆಗಿರಬೇಕಾಗಿಲ್ಲವೆಂದು 2012ರಲ್ಲಿ ಬೇರೆ ವಿಜ್ಞಾನಿಗಳು ವಾದಿಸಿದರು. ಆ ಚರ್ಚೆ ಇನ್ನೂ ಮುಗಿದಿಲ್ಲ.

ಇದೆಲ್ಲ ನಮ್ಮ ಶಾಸ್ತ್ರದಲ್ಲಿ ಮೊದಲೇ ಇತ್ತೆಂದು ಹೆಮ್ಮೆ ಪಡುವುದು ನನ್ನ ಉದ್ದೇಶವಲ್ಲ. ಅವರ ದಾರಿ ಬೇರೆ, ಅಳತೆ ಬೇರೆ. ಆದರೆ ಪ್ರವೃತ್ತಿಯು ನಮ್ಮನ್ನು ಕೇಳದೆಯೇ ಏಳುತ್ತದೆ ಎಂಬ ಮಾತಿಗೆ ಆಸ್ತಿಕನು ಗಾಬರಿಪಡಬೇಕಾಗಿಲ್ಲ. ಜ್ಞಾನಿಯೂ ತನ್ನ ಪ್ರಕೃತಿಗೆ ತಕ್ಕಂತೆಯೇ ನಡೆಯುತ್ತಾನೆ ಎಂದು ಗೀತೆಯ 3ನೆಯ ಅಧ್ಯಾಯದಲ್ಲಿ ಹೇಳಿದ ಶ್ರೀಕೃಷ್ಣನೇ, ಅದರ ಮುಂದಿನ ಶ್ಲೋಕದಲ್ಲಿ ರಾಗದ್ವೇಷಗಳ ವಶವಾಗಬಾರದೆಂದು ಆಜ್ಞಾಪಿಸುತ್ತಾನೆ. ಅವು ಏಳುವುದು ಬೇರೆ, ಅವುಗಳ ವಶವಾಗುವುದು ಬೇರೆ.

ಅದೇ ಅಧ್ಯಾಯದಲ್ಲಿ ಅರ್ಜುನನು ಕೇಳುತ್ತಾನೆ: ಮನುಷ್ಯನು ತನಗೆ ಇಷ್ಟವಿಲ್ಲದಿದ್ದರೂ ಬಲಾತ್ಕಾರದಿಂದೆಂಬಂತೆ ಪಾಪ ಮಾಡುತ್ತಾನಲ್ಲ, ಯಾರ ಪ್ರೇರಣೆಯಿಂದ? ನಮ್ಮ ಗೃಹಸ್ಥರ ಪ್ರಶ್ನೆಯೂ ಇದೇ ಅಲ್ಲವೆ? ಸರ್ವಪ್ರೇರಕನೇ ಎದುರಿಗೆ ನಿಂತಿದ್ದಾನೆ. ಆದರೂ ಅವನು ‘ನಾನೇ ಮಾಡಿಸುತ್ತೇನೆ, ನೀನು ಚಿಂತಿಸಬೇಡ’ ಎಂದು ಹೇಳಲಿಲ್ಲ. ಕಾಮ, ಕ್ರೋಧ ಎಂದು ವೈರಿಯ ಹೆಸರನ್ನು ಹೇಳಿ, ಗೆಲ್ಲು ಎಂದನು. ಗೆಲ್ಲಲಾರದವನಿಗೆ ಗೆಲ್ಲು ಎಂದು ಹೇಳುವವನಲ್ಲ ಶ್ರೀಹರಿ.

ಉಳಿಯುವ ಕಠಿಣ ಪ್ರಶ್ನೆ

ಪ್ರಯತ್ನವೂ ಅವನ ವಶವೇ ಎಂದಾದರೆ ಮತ್ತೆ ಜೀವನ ಹೊಣೆ ಎಲ್ಲಿ ಉಳಿಯಿತು ಎಂದು ಚುರುಕಾದ ವಾಚಕರು ಕೇಳಬಹುದು. ಈ ಪ್ರಶ್ನೆಯನ್ನು ಮುಚ್ಚಿಡಬಾರದು. ಯಾವುದರ ಹಂಗೂ ಇಲ್ಲದ ಸ್ವಾತಂತ್ರ್ಯವೇ ನಿಜವಾದ ಸ್ವಾತಂತ್ರ್ಯವೆಂದು ಹೇಳುವುದಾದರೆ ನಮ್ಮ ಸಿದ್ಧಾಂತವು ಅದನ್ನು ಜೀವನಿಗೆ ಕೊಡುವುದೇ ಇಲ್ಲ. ಅದು ಶ್ರೀಹರಿಯ ಅಸಾಧಾರಣ ಧರ್ಮ. ಜೀವನಿಗಿರುವುದು ದತ್ತವಾದ ಸ್ವಾತಂತ್ರ್ಯ. ಕೊಟ್ಟುದಾದರೂ ಅದು ಇರುವುದು ನಿಜ. ಜಗತ್ತು ಭಗವದಧೀನವಾದರೂ ಸತ್ಯವೆಂದು ಒಪ್ಪುವ ನಾವು, ಕರ್ತೃತ್ವವು ಭಗವದಧೀನವಾದುದರಿಂದಲೇ ಸುಳ್ಳೆಂದು ಹೇಳುವುದು ಹೇಗೆ?

ಅಷ್ಟೇ ಅಲ್ಲದೆ, ಸ್ವಭಾವವೆಂಬುದು ಹೊರಗಿನಿಂದ ನಮ್ಮ ಮೇಲೆ ಹೊರಿಸಿದ ಹೊರೆಯಲ್ಲ. ಅದು ಜೀವನ ಸ್ವರೂಪವೇ. ಅದಕ್ಕೆ ಆದಿಯಿಲ್ಲ. ಭಗವಂತನು ಒಂದು ದಿನ ಕುಳಿತು ಒಬ್ಬನನ್ನು ಕೋಪಿಷ್ಠನನ್ನಾಗಿಯೂ ಮತ್ತೊಬ್ಬನನ್ನು ಶಾಂತನನ್ನಾಗಿಯೂ ನಿರ್ಮಿಸಲಿಲ್ಲ. ಇನ್ನು, ತನ್ನ ಯೋಗ್ಯತೆ ಎಷ್ಟೆಂದು ಸಾಧನೆಯ ದಾರಿಯಲ್ಲಿರುವ ನಮಗೆ ಕಾಣುವುದಿಲ್ಲ. ಆದುದರಿಂದ ‘ನನ್ನ ಸ್ವಭಾವವೇ ಇಷ್ಟು’ ಎಂಬುದು ತಿಳಿದು ಆಡಿದ ಮಾತಲ್ಲ, ಸೋಮಾರಿತನದ ಊಹೆ. ಸಂಸ್ಕಾರವನ್ನೇ ಸ್ವಭಾವವೆಂದು ನಾವು ತಪ್ಪಾಗಿ ತಿಳಿಯುತ್ತೇವೆ. ತಂದೆಯಿಂದ ಕಲಿತ ಬಿರುನುಡಿ ಸಂಸ್ಕಾರ. ಸಂಸ್ಕಾರವನ್ನು ಮತ್ತೊಂದು ಸಂಸ್ಕಾರದಿಂದ ತಿದ್ದಬಹುದೆಂಬ ನಂಬಿಕೆಯ ಮೇಲೆಯೇ ಉಪನಯನಾದಿಗಳೆಲ್ಲ ನಿಂತಿವೆ.

ನನ್ನ ಸ್ವಂತದ ಒಂದು ಮಾತು. ನನಗೆ ಎಂಟನೆಯ ವರ್ಷದಲ್ಲಿ ಉಪನಯನವಾಯಿತು, ಮರುವರ್ಷ ತಂದೆಯವರು ಪಾಠಶಾಲೆಯಲ್ಲಿ ಬಿಟ್ಟುಬಂದರು. ನನ್ನನ್ನು ಯಾರೂ ಕೇಳಲಿಲ್ಲ. ಅರ್ಚಕರ ಮಗನಾಗಿ ಹುಟ್ಟಿದುದಾಗಲಿ, ಸ್ವರ ತಪ್ಪದೆ ಮಂತ್ರ ಬರುವುದಾಗಲಿ ನನ್ನ ಆಯ್ಕೆಯಲ್ಲ. ಬಿ.ಎ. ಮುಗಿದಾಗ ಬೇರೆ ದಾರಿಗಳೂ ಕಂಡವು, ಇಲ್ಲಿಯೇ ಉಳಿದೆ. ಹಾಗೆ ಉಳಿದುದೂ ಅಭ್ಯಾಸಬಲದಿಂದಲೇ ಎಂದು ಯಾರಾದರೂ ಹೇಳಿದರೆ ನಾನು ವಾದಿಸಲಾರೆ. ಆದರೆ ಪ್ರತಿದಿನ ಬೆಳಿಗ್ಗೆ ಅರ್ಘ್ಯ ಕೊಡುವಾಗ ಬಾಯಿ ತಾನಾಗಿ ಮಂತ್ರ ಹೇಳುತ್ತಿರುತ್ತದೆ, ಮನಸ್ಸು ಎಲ್ಲಿಯೋ ಇರುತ್ತದೆ. ಅದನ್ನು ಹಿಡಿದು ತಂದು ಆ ಮಂತ್ರದ ಮೇಲೆ ನಿಲ್ಲಿಸಬೇಕೋ ಬೇಡವೋ ಎಂಬ ಒಂದು ಗಳಿಗೆ ಬರುತ್ತದೆ. ಆ ಗಳಿಗೆಯನ್ನು ನನ್ನ ತಂದೆಯಾಗಲಿ ಪಾಠಶಾಲೆಯಾಗಲಿ ನನ್ನ ಪರವಾಗಿ ನಡೆಸಿಕೊಡಲಾರರು.

ಅನುಷ್ಠಾನಕ್ರಮ

ಹೀಗಿರುವಲ್ಲಿ ‘ಹರಿಯೇ ಮಾಡಿಸುವವನು’ ಎಂಬ ಅನುಸಂಧಾನವನ್ನು ಎಲ್ಲಿ ಇಡಬೇಕು, ಎಲ್ಲಿ ಇಡಬಾರದು ಎಂಬುದನ್ನು ತಿಳಿಯತಕ್ಕದ್ದು. ಕಾರ್ಯಕ್ಕೆ ಮೊದಲು ಅದು ಧೈರ್ಯಕ್ಕಾಗಿ ಇರಲಿ, ಸೋಮಾರಿತನಕ್ಕಾಗಿ ಬೇಡ. ಕಾರ್ಯ ಗೆದ್ದ ಮೇಲೆ ಅದು ಅಹಂಕಾರವನ್ನು ಕಳೆಯುವುದಕ್ಕಾಗಿ ಇರಲಿ. ‘ಕೃಷ್ಣಾರ್ಪಣ’ ಎಂದು ನೀರು ಬಿಡುವುದು ಅದಕ್ಕಾಗಿಯೇ. ಕಾರ್ಯ ಕೆಟ್ಟಾಗ ಅದು ತನ್ನ ತಪ್ಪಿಗೆ ಹೊದಿಕೆಯಾಗಬಾರದು. ಪುಣ್ಯವನ್ನು ತನ್ನದೆನ್ನುತ್ತ ಪಾಪವನ್ನು ಹರಿಯದೆನ್ನುವುದು ಸಿದ್ಧಾಂತವನ್ನು ತಲೆಕೆಳಗಾಗಿ ಹಿಡಿದಂತೆ.

ಇನ್ನೊಂದು ವಿಷಯ. ಇತರರ ತಪ್ಪನ್ನು ನೋಡುವಾಗ ಅವರ ಪೂರ್ವಸಂಸ್ಕಾರಗಳನ್ನು ನೆನೆಯಬೇಕು, ಆಗ ಕೋಪ ಇಳಿಯುತ್ತದೆ. ತನ್ನ ತಪ್ಪನ್ನು ನೋಡುವಾಗ ತನ್ನ ಪ್ರಯತ್ನವನ್ನು ನೆನೆಯಬೇಕು, ಆಗ ತಿದ್ದುಪಾಟು ಆರಂಭವಾಗುತ್ತದೆ. ನಾವು ಮಾಡುವುದು ಇದಕ್ಕೆ ವಿರುದ್ಧ. ಮಗ ತಪ್ಪಿದರೆ ‘ಬೇಕೆಂದೇ ಮಾಡಿದ’ ಎನ್ನುತ್ತೇವೆ, ನಾವು ತಪ್ಪಿದರೆ ‘ಏನು ಮಾಡಲಿ, ಗ್ರಹಚಾರ’ ಎನ್ನುತ್ತೇವೆ.

ಕೆಲವು ದಿನಗಳ ಮೇಲೆ ಆ ಗೃಹಸ್ಥರು ಮತ್ತೆ ಬಂದಾಗ ಇವಿಷ್ಟನ್ನೂ ನನಗೆ ತಿಳಿದಂತೆ ನಿವೇದಿಸಿದೆ. “ರಾಯರೇ, ಕೋಪ ಎದ್ದುದು ತಮ್ಮ ತಂದೆಯವರ ಕಾಲದಿಂದ ಬಂದುದಿರಬಹುದು. ಮಾತನ್ನು ಆಡಿದವರು ತಾವೇ. ನಿದ್ರೆ ಬಾರದಿರುವುದು ಅದಕ್ಕೆ ಸಾಕ್ಷಿ. ಆ ಪಶ್ಚಾತ್ತಾಪವನ್ನು ಹುಟ್ಟಿಸಿದವನೂ ಅವನೇ ಎಂದು ಏಕೆ ತಿಳಿಯಬಾರದು?” ಎಂದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. “ಮಾಡಿಸುವವನು ಮಾಡಿಸಲಿ ಎಂದು ಒಂಬತ್ತು ವರ್ಷ ಕಾದೆ” ಎಂದಷ್ಟೇ ಹೇಳಿ ಹೊರಟರು.

ಉತ್ಥಾನದ್ವಾದಶಿಯ ದಿನ ತುಳಸೀಪೂಜೆಗೆ ಬಂದವರು ತಾವಾಗಿಯೇ ಹೇಳಿದರು. ಮಗನಿಗೆ ಎರಡು ಬಾರಿ ಫೋನು ಮಾಡಿದರಂತೆ, ಅವನು ತೆಗೆಯಲಿಲ್ಲವಂತೆ. ಆಮೇಲೆ ಕೈಯಾರೆ ಒಂದು ಕಾಗದ ಬರೆದು, ‘ತಪ್ಪು ನನ್ನದು’ ಎಂಬ ಮಾತನ್ನು ಅದರಲ್ಲಿ ಸೇರಿಸಿ ಅಂಚೆಗೆ ಹಾಕಿದ್ದಾರೆ. ಉತ್ತರ ಬಂದಿಲ್ಲ. “ದ್ರೌಪದೀದೇವಿಯ ರೈತನ ಕಥೆ ಹೇಳಿದಿರಲ್ಲ, ಹಾಗೆ ಕುಳಿತಿದ್ದೇನೆ” ಎಂದರು. ಉಳದೆ ಕುಳಿತಿರುವುದಕ್ಕೂ ಉತ್ತು ಬಿತ್ತಿ ಕುಳಿತಿರುವುದಕ್ಕೂ ಇರುವ ಅಂತರವು ಅವರ ಮುಖದಲ್ಲಿ ಕಾಣುತ್ತಿತ್ತು.

ಮಳೆ ಅವನ ಕೈಯಲ್ಲಿದೆ. ನೇಗಿಲನ್ನು ಅವನು ನಮ್ಮ ಕೈಯಲ್ಲಿ ಕೊಟ್ಟಿದ್ದಾನೆ. ಕೊಟ್ಟವನು ಅವನೆಂಬುದನ್ನು ಮರೆಯದೆ, ಕೊಟ್ಟಿದ್ದಾನೆಂಬುದನ್ನೂ ಮರೆಯದೆ ನಡೆಯುವ ಬುದ್ಧಿಯನ್ನು ಶ್ರೀಹರಿವಾಯುಗುರುಗಳು ನಮ್ಮೆಲ್ಲರಿಗೂ ಅನುಗ್ರಹಿಸಲಿ.

॥ ಶ್ರೀಕೃಷ್ಣಾರ್ಪಣಮಸ್ತು ॥